ಫೋಟೊ ಇಂಕ್‌ಜೆಟ್ ಪ್ರಿಂಟರನ್ನು ಮನೆಯ ವೈಫೈಗೆ ಸೇರಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಆರು ಬಣ್ಣದ ಶಾಯಿಯಲ್ಲಿ ಫೋಟೊ ಮುದ್ರಿಸುವ ಇಂಕ್‌ಜೆಟ್ ಪ್ರಿಂಟರು ಈಗ ಸ್ಟುಡಿಯೊದವರ ಸೊತ್ತಾಗಿ ಉಳಿದಿಲ್ಲ. ಎಪ್ಸನ್ನಿನ ಎಲ್805 ಮತ್ತು ಎಲ್8050, ಕೆನಾನಿನ ಜಿ570 ಮೊದಲಾದ ಮಾದರಿಗಳು ಮನೆಯ ಮೇಜಿಗೂ ಬಂದಿವೆ. ಇವೆಲ್ಲದರಲ್ಲೂ ವೈಫೈ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಪ್ರಿಂಟರು ಯುಎಸ್‌ಬಿ ತಂತಿಯಲ್ಲಿ ಒಂದೇ ಲ್ಯಾಪ್‌ಟಾಪಿಗೆ ಗೂಟಕ್ಕೆ ಕಟ್ಟಿದ ಹಸುವಿನಂತೆ ನಿಂತಿರುತ್ತದೆ. ಕೇಳಿದರೆ, "ವೈಫೈ ಹಾಕಿ ನೋಡಿದೆವು, ಎರಡು ದಿನ ಸರಿಯಿತ್ತು, ಆಮೇಲೆ ಆಫ್‌ಲೈನ್ ಅಂತ ತೋರಿಸತೊಡಗಿತು" ಎನ್ನುತ್ತಾರೆ. ನೆಂಟರ, ನೆರೆಯವರ ಮನೆಗಳಲ್ಲಿ ಕೂತು ಸರಿಪಡಿಸಿದ ಅನುಭವದಿಂದ ಹೇಳುವುದಾದರೆ, ಈ ಎರಡು ದಿನದ ವೈಫೈಗೆ ಪ್ರಿಂಟರು ಕಾರಣವಾಗಿದ್ದದ್ದು ಕಡಿಮೆ. ರೌಟರಿನಲ್ಲಿ ಹದಿನೈದು ನಿಮಿಷದ ಕೆಲಸವೊಂದು ಬಾಕಿ ಉಳಿದಿರುತ್ತದೆ. ಹಾಗಾಗಿ ಈ ಬರಹವೂ ರೌಟರಿನಿಂದಲೇ ಶುರುವಾಗುತ್ತದೆ.

ಒಂದು ತಪ್ಪು ಕಲ್ಪನೆಯನ್ನು ಮೊದಲೇ ತೆಗೆದುಹಾಕೋಣ. ಮನೆಯೊಳಗೆ ವೈಫೈ ಮೂಲಕ ಮುದ್ರಿಸಲು ಇಂಟರ್‌ನೆಟ್ ಬೇಕಾಗಿಲ್ಲ. ಫೋನಿನಿಂದ ರೌಟರಿಗೆ, ರೌಟರಿನಿಂದ ಪ್ರಿಂಟರಿಗೆ ಚಿತ್ರ ಹೋಗುತ್ತದೆ, ಅಷ್ಟೆ. ಬೀದಿಯಲ್ಲಿ ಫೈಬರ್ ತುಂಡಾಗಿ ವಾರ ಕಳೆದರೂ ರೌಟರಿಗೆ ಕರೆಂಟು ಇದ್ದರೆ ಫೋಟೊ ಮುದ್ರಣವಾಗುತ್ತದೆ. ಹಳೆಯ ಕೈಪಿಡಿಗಳಲ್ಲಿ ಕಾಣುವ ಗೂಗಲ್ ಕ್ಲೌಡ್ ಪ್ರಿಂಟ್ ಸೇವೆ 2020ರ ಡಿಸೆಂಬರ್ 31ಕ್ಕೇ ನಿಂತುಹೋಗಿದೆ. ಅದನ್ನು ಹುಡುಕುತ್ತ ಸಮಯ ಕಳೆಯಬೇಡಿ.

ಮೊದಲು ರೌಟರ್

ಬ್ರೌಸರಿನಲ್ಲಿ ರೌಟರಿನ ವಿಳಾಸ ಹಾಕಿ ಅದರ ಪುಟವನ್ನು ತೆರೆಯಿರಿ. ಹೆಚ್ಚಿನವುಗಳಲ್ಲಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ಜಿಯೊಫೈಬರ್ ರೌಟರಿನಲ್ಲಿ 192.168.29.1. ಒಳಹೋಗುವ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ರೌಟರಿನ ಬೆನ್ನಿನ ಚೀಟಿಯಲ್ಲಿ ಅಚ್ಚಾಗಿರುತ್ತವೆ.

ಇಲ್ಲಿ ನೋಡಬೇಕಾದ ಮುಖ್ಯ ಸಂಗತಿ ಬ್ಯಾಂಡ್, ಅಂದರೆ ವೈಫೈ ಬಳಸುವ ರೇಡಿಯೊ ಅಲೆಗಳ ಶ್ರೇಣಿ. ಈಗಿನ ರೌಟರುಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡುಗಳಲ್ಲಿ ಸಂಕೇತ ಕೊಡುತ್ತವೆ, ಆದರೆ ಮನೆಬಳಕೆಯ ಪ್ರಿಂಟರುಗಳಲ್ಲಿ ಬಹಳಷ್ಟಕ್ಕೆ 2.4 ಮಾತ್ರ ಕಾಣುತ್ತದೆ. ನಿಮ್ಮ ವೈಫೈ ಎರಡು ಹೆಸರಿನಲ್ಲಿದ್ದು ಒಂದರ ಕೊನೆಯಲ್ಲಿ '5ಜಿ' ಎಂದಿದ್ದರೆ, ಆ ಬಾಲವಿಲ್ಲದ ಹೆಸರೇ ಪ್ರಿಂಟರಿಗೆ ಬೇಕಾದದ್ದು. ಈ '5ಜಿ'ಗೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ ಎಂಬುದನ್ನು ಹೇಳಿಯೇ ಮುಂದೆ ಹೋಗಬೇಕು, ಏಕೆಂದರೆ "5ಜಿ ವೇಗ ಜಾಸ್ತಿ ಅಲ್ಲವೇ" ಎಂದು ಕೇಳಿಕೊಂಡು ಅದಕ್ಕೇ ಪ್ರಿಂಟರನ್ನು ಸೇರಿಸಲು ಹೆಣಗುವವರನ್ನು ಕಂಡಿದ್ದೇನೆ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದು, ಯಾವ ಸಾಧನವನ್ನು ಎಲ್ಲಿಗೆ ಸೇರಿಸಬೇಕೆಂದು ರೌಟರೇ ತೀರ್ಮಾನಿಸುವ ವ್ಯವಸ್ಥೆ ಇದ್ದರೆ, ಜೋಡಣೆ ಮುಗಿಯುವವರೆಗಾದರೂ ಅದನ್ನು ನಿಲ್ಲಿಸಿ ಹೆಸರುಗಳನ್ನು ಬೇರೆ ಮಾಡುವುದು ಲೇಸು. ಜೋಡಣೆಯ ಬಳಿಕ ಫೋನು 5ರಲ್ಲಿ, ಪ್ರಿಂಟರು 2.4ರಲ್ಲಿ ಇದ್ದರೂ ತೊಂದರೆಯಿಲ್ಲ; ಎರಡೂ ಒಂದೇ ರೌಟರಿನ ಒಂದೇ ಜಾಲದೊಳಗೇ ಇರುತ್ತವೆ.

ಎರಡನೆಯದು ಭದ್ರತೆಯ ಬಗೆ, ಅಂದರೆ ವೈಫೈಗೆ ಬೀಗ ಹಾಕುವ ವಿಧಾನ; ಡಬ್ಲ್ಯುಪಿಎ2 ಹಳೆಯದು, ಡಬ್ಲ್ಯುಪಿಎ3 ಹೊಸದು. ಡಬ್ಲ್ಯುಪಿಎ3 ಮಾತ್ರ ಎಂದು ಆಯ್ದಿದ್ದರೆ ಹಳೆಯ ಪ್ರಿಂಟರುಗಳು ಪಾಸ್‌ವರ್ಡ್ ಸರಿಯಿದ್ದರೂ ಒಳಗೆ ಬರಲಾರವು. ಡಬ್ಲ್ಯುಪಿಎ2, ಅಥವಾ ಎರಡನ್ನೂ ಒಪ್ಪುವ ಮಿಶ್ರ ಆಯ್ಕೆ ಇಟ್ಟುಕೊಳ್ಳಿ. ಪ್ರಿಂಟರೊಂದಕ್ಕಾಗಿ ಪಾಸ್‌ವರ್ಡನ್ನೇ ತೆಗೆದುಹಾಕಿದವರೂ ಇದ್ದಾರೆ. ಅದು ಖಂಡಿತ ಕೂಡದು.

ಮೂರನೆಯದು ಹೆಸರು. ವೈಫೈ ಹೆಸರಿನಲ್ಲಿ ಕನ್ನಡ ಅಕ್ಷರಗಳನ್ನು ಬಳಸುವ ಆಸೆ ನನಗೂ ಇತ್ತು. ಹೆಸರಿಗೆ ಸಿಗುವ ಜಾಗ 32 ಬೈಟ್, ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆ ಸಂಕೇತಗಳಾದ್ದರಿಂದ ಮನೆಯ ಹೆಸರು ಪೂರ್ತಿಯಾಗುವ ಮೊದಲೇ ಜಾಗ ಮುಗಿಯುತ್ತದೆ. ಫೋನುಗಳು ಅದನ್ನು ಚೆನ್ನಾಗಿಯೇ ತೋರಿಸುತ್ತವೆ, ಆದರೆ ಪ್ರಿಂಟರಿನ ಪುಟ್ಟ ಪರದೆಯಲ್ಲಿ ಚೌಕಗಳೋ ಪ್ರಶ್ನೆಚಿಹ್ನೆಗಳೋ ಕಾಣಬಹುದು. ಹೆಸರಿಗೂ ಪಾಸ್‌ವರ್ಡಿಗೂ ಸರಳ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳೇ ಇರಲಿ. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು, ಆದರೆ ಬಾಣದ ಗುಂಡಿ ಒತ್ತಿ ಒತ್ತಿ ಅಕ್ಷರ ಆಯುವ ಪ್ರಿಂಟರಿನಲ್ಲಿ ಅದನ್ನು ಬರೆಯುವವರು ನೀವೇ ಎಂಬುದು ನೆನಪಿರಲಿ.

ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಗೆ ಪ್ರಿಂಟರನ್ನು ಸೇರಿಸಬೇಡಿ. ಅಲ್ಲಿನ ಸಾಧನಗಳು ಒಂದನ್ನೊಂದು ನೋಡದಂತೆ ತಡೆ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಕೆಲವು ರೌಟರುಗಳಲ್ಲಿ ಇದೇ ತಡೆ 'ಎಪಿ ಐಸೊಲೇಶನ್' ಎಂಬ ಹೆಸರಿನಲ್ಲಿ ಮುಖ್ಯ ಜಾಲಕ್ಕೂ ಹಾಕಿರುತ್ತದೆ. ಪ್ರಿಂಟರು ವೈಫೈಗೆ ಸೇರಿದ್ದೂ ಯಾರಿಗೂ ಕಾಣದಿದ್ದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಪ್ರಿಂಟರ್ ಇಡುವ ಜಾಗ

ಕರಾವಳಿಯ ಹಳೆಯ ಮನೆಗಳ ಮುರಕಲ್ಲಿನ ಗೋಡೆ ದಪ್ಪವಾಗಿದ್ದು ವೈಫೈ ಸಂಕೇತವನ್ನು ಚೆನ್ನಾಗಿಯೇ ನುಂಗುತ್ತದೆ. ಉಕ್ಕಿನ ಕಪಾಟಂತೂ ಹಿಂದಿರುವುದನ್ನು ಪೂರ್ತಿ ಮರೆಮಾಡುತ್ತದೆ. ನನ್ನ ಪ್ರಿಂಟರನ್ನು ಮೊದಲು ಒಳಕೋಣೆಯಲ್ಲಿ ಇಂಥದೇ ಕಪಾಟಿನ ಮಗ್ಗುಲಿಗೆ ಇಟ್ಟಿದ್ದೆ. ಪತ್ರಗಳು, ಟಿಕೆಟುಗಳು ಸಲೀಸಾಗಿ ಬರುತ್ತಿದ್ದುದರಿಂದ ಅನುಮಾನ ಬಂದಿರಲಿಲ್ಲ. ಒಮ್ಮೆ ಅಕ್ಕನ ಮೊಮ್ಮಗಳ ನಾಮಕರಣದ ಚಿತ್ರವನ್ನು ಎ4 ಹೊಳಪು ಕಾಗದದ ಮೇಲೆ ಮುದ್ರಿಸಲು ಕೊಟ್ಟೆ. ಅರ್ಧಕ್ಕೆ ಬಂದು, ಶಾಯಿ ಚಿಮ್ಮುವ ಹೆಡ್ಡು ಒಂದು ಬದಿಗೆ ಹೋಗಿ ನಿಂತಿತು, ಹತ್ತು ಹನ್ನೆರಡು ಸೆಕೆಂಡು ಸುಮ್ಮನಿದ್ದು ಮತ್ತೆ ಹೊರಟಿತು. ಚಿತ್ರ ಪೂರ್ತಿಯಾಗಿಯೇ ಬಂತು. ಆದರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ತೊಟ್ಟಿಲ ಮೇಲೆ ಅಡ್ಡಕ್ಕೆ, ಕೂದಲೆಳೆಗಿಂತ ತುಸು ದಪ್ಪವಾಗಿ ಒಂದು ಗೆರೆ.

ಆ ಗೆರೆಯ ಹಿಂದಿನ ಲೆಕ್ಕ ಹೀಗೆ. ಫೋನಿನಲ್ಲಿ ನಾಲ್ಕೈದು ಎಂಬಿ ಇರುವ ಚಿತ್ರ ಪ್ರಿಂಟರಿಗೆ ಅದೇ ರೂಪದಲ್ಲಿ ಹೋಗಬೇಕೆಂದಿಲ್ಲ. ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡ್ರೈವರು ಅದನ್ನು ಬಿಡಿಸಿ, ಮುದ್ರಣದ ಸಾಂದ್ರತೆಗೆ ತಕ್ಕಂತೆ ಹಿಗ್ಗಿಸಿ ಕಳಿಸಬಹುದು. ಎ4 ಹಾಳೆಯನ್ನು ಇಂಚಿಗೆ 720 ಚುಕ್ಕೆಯಂತೆ ಲೆಕ್ಕ ಹಾಕಿದರೆ ಸುಮಾರು 5 ಕೋಟಿ ಚುಕ್ಕೆಗಳಾಗುತ್ತವೆ. ಚುಕ್ಕೆಗೆ 3 ಬೈಟ್ ಹಿಡಿದರೆ, ಕುಗ್ಗಿಸದಿದ್ದಲ್ಲಿ, 150 ಎಂಬಿ. ನಾಲ್ಕು ಇಂಚು ಆರು ಇಂಚಿನ ಫೋಟೊಗೂ ಇದೇ ಲೆಕ್ಕದಲ್ಲಿ 37 ಎಂಬಿ ಆಗುತ್ತದೆ. ಹರಿದು ಬರುವ ಮಾಹಿತಿ ನಡುವೆ ನಿಂತರೆ ಹೆಡ್ಡೂ ನಿಲ್ಲುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಶಾಯಿ ಒಣಗಿರುತ್ತದೆ, ಅದರ ಅಂಚಿಗೆ ತಾಗಿ ಬೀಳುವ ಹೊಸ ಸಾಲು ಹಸಿಯಾಗಿಯೇ ಬೆರೆಯುವ ಬದಲು ಬೇರೆಯಾಗಿ ಕೂರುತ್ತದೆ. ಅಕ್ಷರಗಳ ಪುಟದಲ್ಲಿ ಇದು ಗೊತ್ತಾಗದು, ಫೋಟೊದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಫೋಟೊ ಪ್ರಿಂಟರಿಗೆ ವೈಫೈ "ಸಿಕ್ಕರೆ ಸಾಕು" ಎನ್ನುವಂತಿಲ್ಲ, ಅದು ಎಡೆಬಿಡದೆ ಸಿಗಬೇಕು.

ಫೋನಿನಲ್ಲಿ ಯಾವುದಾದರೂ ವೈಫೈ ಅಳೆಯುವ ಆ್ಯಪ್ ಹಾಕಿಕೊಂಡು ಪ್ರಿಂಟರ್ ಇಡುವ ಜಾಗದಲ್ಲಿ ನಿಂತು ನೋಡಿ. ಸಂಕೇತದ ಬಲದ ಅಳತೆ -65 ಡಿಬಿಎಂ ಅಥವಾ ಅದಕ್ಕಿಂತ ಸೊನ್ನೆಯ ಹತ್ತಿರ ಇದ್ದರೆ ನಿಶ್ಚಿಂತೆ. -75ರ ಆಚೆ ಹೋದರೆ ಜಾಗ ಬದಲಿಸುವುದೇ ಮೇಲು. ನಾನು ಮಾಡಿದ್ದು ಇಷ್ಟೇ: ಪ್ರಿಂಟರನ್ನು ಕಪಾಟಿನ ಬದಿಯಿಂದ ಎತ್ತಿ ಜಗಲಿಯ ಬಾಗಿಲಿಗೆ ನೇರವಾಗಿರುವ ಮೇಜಿನ ಮೇಲಿಟ್ಟೆ. ಗೆರೆ ಮತ್ತೆ ಕಾಣಲಿಲ್ಲ.

ಪ್ರಿಂಟರಿನಲ್ಲಿ ಇಥರ್‌ನೆಟ್ ರಂಧ್ರವಿದ್ದರೆ, ಉದಾಹರಣೆಗೆ ಕೆನಾನಿನ ಪ್ರೊ-300 ಮಾದರಿಯಲ್ಲಿರುವಂತೆ, ರೌಟರಿನವರೆಗೆ ಒಂದು ತಂತಿ ಎಳೆದುಬಿಡಿ. ಮುಂದಿನ ಅಧ್ಯಾಯದ ತಲೆನೋವೇ ಇರುವುದಿಲ್ಲ.

ವೈಫೈಗೆ ಸೇರಿಸುವುದು

ಶಾಯಿ ತುಂಬಿ, ಮೊದಲ ಬಾರಿಯ ಹೆಡ್ ತುಂಬುವಿಕೆ ಮುಗಿಯುವವರೆಗೆ ವೈಫೈ ಗೊಡವೆ ಬೇಡ. ನಡುವೆ ಆಫ್ ಮಾಡಿದರೆ ಶಾಯಿಯೂ ವ್ಯರ್ಥ, ಹೆಡ್ಡಿಗೂ ಒಳ್ಳೆಯದಲ್ಲ.

ಪ್ರಿಂಟರಿಗೆ ಪರದೆಯಿದ್ದರೆ ಕೆಲಸ ನೇರ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಸೆಟಪ್‌ಗೆ ಹೋಗಿ, ಪಟ್ಟಿಯಿಂದ 2.4ರ ಹೆಸರನ್ನು ಆಯ್ದು, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ನೋಡಿಕೊಂಡು ಪಾಸ್‌ವರ್ಡ್ ಬರೆಯಿರಿ. ನನ್ನ ಮಟ್ಟಿಗೆ ಇದೇ ಅತ್ಯಂತ ನಂಬಿಕೆಯ ದಾರಿ, ಏಕೆಂದರೆ ಇದರಲ್ಲಿ ಫೋನಿನ ಪಾತ್ರವೇ ಇಲ್ಲ.

ಎಲ್805ರಂತೆ ಪರದೆಯಿಲ್ಲದ ಪ್ರಿಂಟರಿಗೆ ಫೋನಿನ ಆ್ಯಪ್ ಬೇಕಾಗುತ್ತದೆ. ಎಪ್ಸನ್ನಿಗೆ ಸ್ಮಾರ್ಟ್ ಪ್ಯಾನೆಲ್, ಕೆನಾನಿಗೆ ಕೆನಾನ್ ಪ್ರಿಂಟ್, ಎಚ್‌ಪಿಗೆ ಎಚ್‌ಪಿ ಸ್ಮಾರ್ಟ್ ಇವೆ. ಕೊಂಡ ಮಾದರಿಗೆ ಯಾವುದು ಎಂಬುದನ್ನು ಜೊತೆಗೆ ಬಂದ ಹಾಳೆಯಲ್ಲಿ ನೋಡಿಕೊಳ್ಳಿ. ಹೊಸ ಪ್ರಿಂಟರು ತನ್ನದೇ ಒಂದು ತಾತ್ಕಾಲಿಕ ವೈಫೈ ಹೊರಡಿಸುತ್ತದೆ, ಅದರ ಹೆಸರು ಹೆಚ್ಚಾಗಿ 'ಡೈರೆಕ್ಟ್' ಎಂದು ಶುರುವಾಗುತ್ತದೆ. ಆ್ಯಪ್ ಫೋನನ್ನು ಅದಕ್ಕೆ ಸೇರಿಸಿ, ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಪ್ರಿಂಟರಿಗೆ ದಾಟಿಸಿ, ಮರಳಿ ಮನೆಯ ವೈಫೈಗೆ ಬರುತ್ತದೆ. ಓದಲು ಇಷ್ಟು ಸರಳ. ಕೈಕೊಡುವುದು ನಡುವಿನ ಹಂತ. ಪ್ರಿಂಟರಿನ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲದ್ದನ್ನು ಕಂಡ ಆಂಡ್ರಾಯ್ಡ್ ಫೋನು "ಇಂಟರ್‌ನೆಟ್ ಇಲ್ಲ, ಆದರೂ ಸಂಪರ್ಕದಲ್ಲಿ ಇರಬೇಕೇ" ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಗಮನಿಸದೆ ಬಿಟ್ಟರೆ ಅದು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಆ್ಯಪ್ ಪ್ರಿಂಟರನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಆ್ಯಪ್ ತೆರೆಯುವ ಮೊದಲೇ ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ (ಸಂಪರ್ಕವನ್ನು ಬೇರೆ ಸರ್ವರಿನ ಮೂಲಕ ಸಾಗಿಸುವ ವ್ಯವಸ್ಥೆ) ಇದ್ದರೆ ಅದನ್ನೂ ನಿಲ್ಲಿಸಿ, ಲೊಕೇಶನ್ ಆನ್ ಮಾಡಿ ಆ್ಯಪ್ಪಿಗೆ ಅದರ ಅನುಮತಿ ಕೊಡಿ. ಪ್ರಿಂಟರಿಗೆ ನಮ್ಮ ಊರು ಕಟ್ಟಿಕೊಂಡು ಏನಾಗಬೇಕು ಎಂದು ಅನಿಸುವುದು ಸಹಜ. ಆದರೆ ಆಂಡ್ರಾಯ್ಡಿನಲ್ಲಿ ಸುತ್ತಲಿನ ವೈಫೈಗಳನ್ನು ಹುಡುಕುವುದಕ್ಕೂ ಆ ಅನುಮತಿ ಅಗತ್ಯವಾಗಬಹುದು, ಹೊಸ ಆವೃತ್ತಿಗಳಲ್ಲಿ 'ಹತ್ತಿರದ ಸಾಧನಗಳು' ಎಂಬ ಅನುಮತಿಯನ್ನೂ ಕೇಳಬಹುದು. ಜೋಡಣೆ ಮುಗಿದ ಮೇಲೆ ಬೇಕಿದ್ದರೆ ಹಿಂತೆಗೆದುಕೊಳ್ಳಿ.

ಮೂರನೆಯ ದಾರಿ ಡಬ್ಲ್ಯುಪಿಎಸ್. ರೌಟರಿನ ಗುಂಡಿ ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರಿನ ವೈಫೈ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದರೆ ಪಾಸ್‌ವರ್ಡ್ ಬರೆಯದೆಯೇ ಜೋಡಣೆಯಾಗುತ್ತದೆ. ಡಬ್ಲ್ಯುಪಿಎ3 ಮಾತ್ರ ಇರುವಲ್ಲಿ, ಹೆಸರನ್ನು ಮರೆಮಾಡಿದಲ್ಲಿ ಇದು ನಡೆಯುವುದಿಲ್ಲ. ಎಂಟು ಅಂಕಿಯ ಪಿನ್ ಬಳಸುವ ಡಬ್ಲ್ಯುಪಿಎಸ್ ವಿಧಾನದ ದೌರ್ಬಲ್ಯ 2011ರ ಡಿಸೆಂಬರಿನಲ್ಲೇ ಬಯಲಾಗಿದೆ. ಅದನ್ನು ರೌಟರಿನಲ್ಲಿ ಆಫ್ ಮಾಡಿಡಿ. ಗುಂಡಿಯ ವಿಧಾನ ಅಷ್ಟು ಅಪಾಯದ್ದಲ್ಲ, ಆದರೂ ಬೇರೆ ದಾರಿ ಇರುವಾಗ ನಾನು ಇದನ್ನು ಆಯುವುದಿಲ್ಲ. ಪ್ರಿಂಟರು ಯಾವ ಹೆಸರಿಗೆ, ಯಾವ ಬ್ಯಾಂಡಿಗೆ ಸೇರಿತು ಎಂಬುದು ನನ್ನ ಕಣ್ಣೆದುರೇ ಆಗಬೇಕು.

ಯಾವ ದಾರಿಯಲ್ಲಿ ಸೇರಿಸಿದರೂ ಕೊನೆಗೆ ನೆಟ್‌ವರ್ಕ್ ಸ್ಥಿತಿಯ ಹಾಳೆಯೊಂದನ್ನು ಪ್ರಿಂಟರಿನಿಂದಲೇ ಮುದ್ರಿಸಿಕೊಳ್ಳಿ. ಅದರಲ್ಲಿ ವೈಫೈ ಹೆಸರು, ಐಪಿ ವಿಳಾಸ (ಜಾಲದೊಳಗೆ ಪ್ರಿಂಟರಿಗೆ ಸಿಕ್ಕ ಸಂಖ್ಯೆ), ಮ್ಯಾಕ್ ವಿಳಾಸ (ಯಂತ್ರಕ್ಕೆ ತಯಾರಿಕೆಯಲ್ಲೇ ಕೊಟ್ಟ ಗುರುತು), ಸಂಕೇತದ ಬಲ ಇರುತ್ತವೆ. ಐಪಿ ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರು ಪ್ರಿಂಟರಿಗೆ ವಿಳಾಸವನ್ನೇ ಕೊಟ್ಟಿಲ್ಲ, ಪ್ರಿಂಟರು ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಪಾಸ್‌ವರ್ಡಿನಿಂದ ಮತ್ತೆ ಶುರುಮಾಡಿ. ಎಲ್ಲ ಸರಿಯಿದ್ದರೆ ಆ ಹಾಳೆಯನ್ನು ಪ್ರಿಂಟರಿನ ಅಡಿಯಲ್ಲೇ ಇಡಿ, ಮುಂದಿನ ಹಂತಕ್ಕೆ ಬೇಕು.

ವಿಳಾಸವನ್ನು ಕಾಯಂ ಮಾಡುವುದು

ಎರಡು ದಿನದ ವೈಫೈ ವರ್ಷಗಟ್ಟಲೆಯ ವೈಫೈ ಆಗುವುದು ಇಲ್ಲಿ. ರೌಟರು ಪ್ರತಿ ಸಾಧನಕ್ಕೂ ಐಪಿ ವಿಳಾಸವನ್ನು ಬಾಡಿಗೆಗೆ ಕೊಡುತ್ತದೆ. ಹಲವು ರೌಟರುಗಳಲ್ಲಿ ಬಾಡಿಗೆಯ ಅವಧಿ ಒಂದು ದಿನ. ಪ್ರಿಂಟರು ಮೂರು ದಿನ ಆಫ್ ಆಗಿದ್ದು ಮತ್ತೆ ಎದ್ದಾಗ ಅದರ ಹಳೆಯ ವಿಳಾಸದಲ್ಲಿ ಮಗಳ ಟ್ಯಾಬ್ಲೆಟ್ ಕೂತಿರಬಹುದು. ಲ್ಯಾಪ್‌ಟಾಪ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತದೆ, ಉತ್ತರ ಬಾರದ್ದಕ್ಕೆ 'ಆಫ್‌ಲೈನ್' ಎನ್ನುತ್ತದೆ.

ಪರಿಹಾರಕ್ಕೆ ರೌಟರಿನ ಪುಟದಲ್ಲಿ ಲ್ಯಾನ್ ಅಥವಾ ಡಿಎಚ್‌ಸಿಪಿ ವಿಭಾಗಕ್ಕೆ ಹೋಗಿ. 'ಅಡ್ರೆಸ್ ರಿಸರ್ವೇಶನ್', 'ಸ್ಟ್ಯಾಟಿಕ್ ಡಿಎಚ್‌ಸಿಪಿ' ಅಥವಾ 'ಐಪಿ-ಮ್ಯಾಕ್ ಬೈಂಡಿಂಗ್' ಎಂಬ ಹೆಸರಿನಲ್ಲಿ ಒಂದು ಪಟ್ಟಿ ಸಿಗುತ್ತದೆ. ಅದರಲ್ಲಿ ಹಾಳೆಯಲ್ಲಿರುವ ಮ್ಯಾಕ್ ವಿಳಾಸವನ್ನೂ ಅದಕ್ಕೆ ಕಾದಿರಿಸಬೇಕಾದ ಐಪಿ ವಿಳಾಸವನ್ನೂ ಬರೆಯಿರಿ. ರೌಟರ್ 192.168.1.1 ಆಗಿದ್ದರೆ ಪ್ರಿಂಟರಿಗೆ 192.168.1.50 ಕೊಡಬಹುದು, ಕೊನೆಯ ಅಂಕಿ ಬೇರೆ ಯಾವ ಸಾಧನಕ್ಕೂ ಆಗಲೇ ಹೋಗಿರಬಾರದು. ಬಳಿಕ ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿ, ಮತ್ತೊಂದು ಸ್ಥಿತಿಯ ಹಾಳೆ ತೆಗೆದು ಹೊಸ ವಿಳಾಸ ಬಂದದ್ದನ್ನು ಖಚಿತಪಡಿಸಿಕೊಳ್ಳಿ.

ಪ್ರಿಂಟರಿನ ಸೆಟ್ಟಿಂಗ್ಸ್‌ನಲ್ಲೇ ಕೈಯಾರೆ ಐಪಿ ಬರೆಯುವ ಅವಕಾಶವೂ ಇರುತ್ತದೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ನಾಳೆ ರೌಟರ್ ಬದಲಾಗಿ 192.168.1 ಇದ್ದದ್ದು 192.168.29 ಆದರೆ ಪ್ರಿಂಟರು ಹಳೆಯ ಬೀದಿಯ ಮನೆ ನಂಬರನ್ನೇ ಹಿಡಿದುಕೊಂಡು ಕೂತಿರುತ್ತದೆ. ಅಂದಹಾಗೆ, ಇಂಟರ್‌ನೆಟ್ ಕಂಪನಿಯವರು ರೌಟರ್ ಬದಲಿಸಿದಾಗ ಹೊಸದಕ್ಕೂ ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಇಡಿಸಿಕೊಂಡರೆ ಪ್ರಿಂಟರ್, ಟಿವಿ ಎಲ್ಲವೂ ಸಾಮಾನ್ಯವಾಗಿ ತಾವಾಗಿ ಸೇರಿಕೊಳ್ಳುತ್ತವೆ. ಕಾದಿರಿಸಿದ ವಿಳಾಸವನ್ನು ಮಾತ್ರ ಮತ್ತೆ ಬರೆಯಬೇಕು.

ಈಗ ಬ್ರೌಸರಿನಲ್ಲಿ 192.168.1.50 ಎಂದು ಹಾಕಿ ನೋಡಿ. ಪ್ರಿಂಟರಿನದ್ದೇ ಒಂದು ಪುಟ ತೆರೆದುಕೊಳ್ಳುತ್ತದೆ. ಅದರ ಆಡಳಿತ ಪಾಸ್‌ವರ್ಡ್ ಕೆಲವು ಮಾದರಿಗಳಲ್ಲಿ ಯಂತ್ರದ ಕ್ರಮಸಂಖ್ಯೆಯೇ ಆಗಿರುತ್ತದೆ; ಬದಲಿಸಿಬಿಡಿ.

ಕಂಪ್ಯೂಟರ್ ಮತ್ತು ಫೋನಿನಲ್ಲಿ ಸೇರಿಸುವುದು

ವಿಂಡೋಸ್ 11ರಲ್ಲಿ ಹೊಸ ಪ್ರಿಂಟರು ಕೆಲವೊಮ್ಮೆ ತಾನಾಗಿಯೇ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮುದ್ರಣವೂ ಆಗುತ್ತದೆ. ಆದರೆ ಹೀಗೆ ಬಂದದ್ದು ಹೆಚ್ಚಾಗಿ ಸಾಮಾನ್ಯ ಡ್ರೈವರ್. ಅದರಲ್ಲಿ ಹೊಳಪು ಕಾಗದ, ಮ್ಯಾಟ್ ಕಾಗದ ಎಂಬ ವಿವರವಾದ ಆಯ್ಕೆಗಳು ಇಲ್ಲದಿರಬಹುದು, ಅಂಚಿಲ್ಲದ ಮುದ್ರಣವೂ ಸಿಗದಿರಬಹುದು. ಫೋಟೊ ಪ್ರಿಂಟರಿಗೆ ದುಡ್ಡು ಕೊಟ್ಟು ಇದರಲ್ಲಿ ಮುದ್ರಿಸುವುದು ರೇಷ್ಮೆ ಸೀರೆಯನ್ನು ಗೋಣಿಯಲ್ಲಿ ಕಟ್ಟಿಟ್ಟಂತೆ. ಆ ನಮೂದನ್ನು ಅಳಿಸಿ, ತಯಾರಕರ ಜಾಲತಾಣದಿಂದ ನಿಮ್ಮ ಮಾದರಿಯ ಪೂರ್ಣ ಡ್ರೈವರನ್ನು ಇಳಿಸಿಕೊಂಡು ಸ್ಥಾಪಿಸಿ. ಅದು ಕೇಳುವಾಗ ವೈಫೈ ಎಂದು ಆಯ್ದರೆ 192.168.1.50ರಲ್ಲಿರುವ ಪ್ರಿಂಟರನ್ನು ಹುಡುಕಿಕೊಳ್ಳುತ್ತದೆ. ಹುಡುಕದಿದ್ದರೆ 'ಐಪಿ ವಿಳಾಸದಿಂದ ಸೇರಿಸು' ಎಂಬ ಆಯ್ಕೆಯಲ್ಲಿ ಕೈಯಾರೆ ಬರೆಯಿರಿ. ಮನೆಯ ವೈಫೈಯನ್ನು ವಿಂಡೋಸಿನಲ್ಲಿ 'ಪಬ್ಲಿಕ್' ಬದಲು 'ಪ್ರೈವೇಟ್' ಮಾಡಿ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿರ್ಧರಿಸುವ ಆಯ್ಕೆ ಆನ್ ಆಗಿದ್ದರೆ ಅದನ್ನೂ ತೆಗೆಯಿರಿ.

ಮ್ಯಾಕ್ ಕಂಪ್ಯೂಟರಿನಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್ ಪುಟದಿಂದ ಸೇರಿಸುವಾಗ ಕೆಳಗಿನ 'ಯೂಸ್' ಎಂಬ ಪಟ್ಟಿಯಲ್ಲಿ ಆಪಲ್ಲಿನ ಸಾಮಾನ್ಯ ಮುದ್ರಣ ವ್ಯವಸ್ಥೆಯಾದ ಏರ್‌ಪ್ರಿಂಟ್ ಬದಲು ತಯಾರಕರ ಡ್ರೈವರ್ ಇದೆಯೇ ನೋಡಿ, ಇದ್ದರೆ ಅದನ್ನೇ ಆರಿಸಿ.

ಫೋನುಗಳಿಗೆ ಇಷ್ಟು ರಗಳೆಯಿಲ್ಲ. ಐಫೋನಿನಲ್ಲಿ 2010ರಿಂದ ಏರ್‌ಪ್ರಿಂಟ್ ಇದೆ, 2017ರ ಆಂಡ್ರಾಯ್ಡ್ 8ರಿಂದ ಅಲ್ಲೂ ಮುದ್ರಣ ಸೇವೆ ಒಳಗೇ ಬರುತ್ತದೆ. ಗ್ಯಾಲರಿಯಲ್ಲಿ ಚಿತ್ರ ತೆರೆದು ಪ್ರಿಂಟ್ ಒತ್ತಿದರೆ ಪ್ರಿಂಟರಿನ ಹೆಸರು ಬರುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೊ, ಆಧಾರ್ ಪ್ರತಿ ಇಂಥವಕ್ಕೆ ಇಷ್ಟು ಸಾಕು. ಗೋಡೆಗೆ ಹಾಕುವ ಚಿತ್ರವನ್ನು ಮಾತ್ರ ತಯಾರಕರ ಆ್ಯಪ್ಪಿನಿಂದ, ಇನ್ನೂ ಒಳ್ಳೆಯದೆಂದರೆ ಕಂಪ್ಯೂಟರಿನಿಂದ ಮುದ್ರಿಸಿ.

ಮೊದಲ ಫೋಟೊಗೆ 4×6ರ ಒಂದು ಹಾಳೆ ಸಾಕು. ಕಾಗದದ ಬಗೆಯನ್ನು ಡ್ರೈವರಿನಲ್ಲಿ ಸರಿಯಾಗಿ ಆರಿಸಿ. 'ಸಾದಾ ಕಾಗದ' ಎಂದಿಟ್ಟು ಹೊಳಪು ಹಾಳೆಗೆ ಮುದ್ರಿಸಿದರೆ ಬಣ್ಣ ಮಂಕಾಗುತ್ತದೆ, ಜನ ಅದಕ್ಕೂ ವೈಫೈಯನ್ನೇ ಬೈಯುತ್ತಾರೆ. ತಂತಿಯಲ್ಲಿ ಬಂದರೂ ಗಾಳಿಯಲ್ಲಿ ಬಂದರೂ, ಡ್ರೈವರ್ ಮತ್ತು ಅದರ ಆಯ್ಕೆಗಳು ಒಂದೇ ಆಗಿದ್ದರೆ ಬಣ್ಣವೂ ಒಂದೇ.

ಸಿಕ್ಕಿಕೊಂಡಾಗ

ಪ್ರಿಂಟರು ಮತ್ತೆ ಆಫ್‌ಲೈನ್ ಎಂದರೆ ಡ್ರೈವರ್ ಕಿತ್ತುಹಾಕುವ ಮೊದಲು ಬ್ರೌಸರಿನಲ್ಲಿ ಅದರ ಪುಟ ತೆರೆಯುತ್ತದೆಯೇ ನೋಡಿ. ತೆರೆದರೆ ಜಾಲ ಸರಿಯಿದೆ, ದೋಷ ಕಂಪ್ಯೂಟರಿನದ್ದು: ಕಚೇರಿಯ ಲ್ಯಾಪ್‌ಟಾಪಿನ ವಿಪಿಎನ್ ಆನ್ ಇರಬಹುದು, ಸಾಲಿನಲ್ಲಿ ಹಳೆಯ ಮುದ್ರಣವೊಂದು ಸಿಕ್ಕಿಕೊಂಡಿರಬಹುದು. ಪುಟ ತೆರೆದು ಮುದ್ರಣವೂ ಆಗುತ್ತಿದ್ದು ವಿಂಡೋಸ್ ಮಾತ್ರ ಆಫ್‌ಲೈನ್ ಎನ್ನುತ್ತಿದ್ದರೆ, ಪ್ರಿಂಟರಿನ ಪೋರ್ಟ್ ಸೆಟ್ಟಿಂಗಿನಲ್ಲಿ 'ಎಸ್‌ಎನ್‌ಎಂಪಿ ಸ್ಟೇಟಸ್' ಎಂಬ ಗುರುತನ್ನು ತೆಗೆಯಿರಿ. ಪುಟವೇ ತೆರೆಯದಿದ್ದರೆ ರೌಟರಿನ ಪಟ್ಟಿಯಲ್ಲಿ ಪ್ರಿಂಟರು ಇದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಚಾನೆಲ್, ಅಂದರೆ ಬ್ಯಾಂಡಿನೊಳಗೆ ರೌಟರು ಬಳಸುವ ಸಣ್ಣ ಭಾಗ, ಯಾವುದೆಂದು ಪರೀಕ್ಷಿಸಿ. ಭಾರತದಲ್ಲಿ 2.4ರ 1ರಿಂದ 13ರವರೆಗಿನ ಚಾನೆಲುಗಳನ್ನು ರೌಟರು ಬಳಸಬಹುದು, ಆದರೆ ಹೊರದೇಶದಿಂದ ತಂದ ಕೆಲವು ಪ್ರಿಂಟರುಗಳಿಗೆ 11ರ ಆಚೆಯದು ಕಾಣದು. ಅಮೆರಿಕದಿಂದ ಮಕ್ಕಳು ತಂದುಕೊಟ್ಟ ಪ್ರಿಂಟರಿದ್ದರೆ ಇದನ್ನು ಮರೆಯದೆ ನೋಡಿ. 'ಆಟೊ' ಬಿಟ್ಟು 1, 6 ಅಥವಾ 11ಕ್ಕೆ ನಿಲ್ಲಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ.

ಉಳಿದದ್ದು ಕರೆಂಟಿನ ವಿಷಯ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಪ್ರಿಂಟರನ್ನು ರೌಟರಿಗಿಂತ ಮೊದಲೇ ಆನ್ ಮಾಡಿದರೆ, ಅದು ಒಂದೆರಡು ಬಾರಿ ವೈಫೈ ಹುಡುಕಿ ಸುಮ್ಮನಾಗಿಬಿಡಬಹುದು. ರೌಟರು ಪೂರ್ತಿ ಶುರುವಾಗಿ ಅದರ ದೀಪಗಳು ಸ್ಥಿರವಾದ ಮೇಲೆಯೇ ಪ್ರಿಂಟರನ್ನು ಆನ್ ಮಾಡಿ, ಅಥವಾ ರೌಟರಿಗೆ ಪುಟ್ಟ ಯುಪಿಎಸ್ ಹಾಕಿಸಿ. ಕೆಲಸ ಮುಗಿದಾಗ ಗೋಡೆಯ ಸ್ವಿಚ್ಚನ್ನು ನೇರವಾಗಿ ತೆಗೆಯದೆ ಪ್ರಿಂಟರಿನದ್ದೇ ಗುಂಡಿ ಒತ್ತಿ, ಹೆಡ್ಡು ಬದಿಗೆ ಸರಿದು ಮುಚ್ಚಳದೊಳಗೆ ಕೂರುವ ಸದ್ದು ಕೇಳಿದ ಮೇಲೆ ಸ್ವಿಚ್ ತೆಗೆಯಿರಿ. ಮುಚ್ಚಳವಿಲ್ಲದೆ ನಿಂತ ಹೆಡ್ಡಿನಲ್ಲಿ ಶಾಯಿ ಒಣಗುತ್ತದೆ, ಆ ತೊಂದರೆಯನ್ನು ಯಾವ ರೌಟರ್ ಸೆಟ್ಟಿಂಗೂ ಸರಿಮಾಡಲಾರದು.